ಹನ್ನೊಂದು ನಿಮಿಷ ಮುಂದಿದ್ದ ಸರ್ವರ್

ಬೆಳಗ್ಗೆಯಿಂದ ಇದು ನಲವತ್ತನೆಯ ಸಲ. ಫೋನಿನಲ್ಲಿ ಮೂಡಿದ ಆರಂಕಿಯ ಸಂಖ್ಯೆಯನ್ನು ಅವಳು ಲಾಗಿನ್ ಪರದೆಯಲ್ಲಿ ಒತ್ತಿದಳು. 'ತಪ್ಪು ಸಂಖ್ಯೆ' ಎಂದಿತು ಸರ್ವರ್, ಅದೇ ಮೊಂಡುತನದಿಂದ. ಅದರ ತಲೆಗೆ ಮೊಟಕೋಣವೆಂದರೆ ಆ ಕಬ್ಬಿಣದ ಪೆಟ್ಟಿಗೆಗೆ ತಲೆಯಾದರೂ ಎಲ್ಲಿದೆ?

ಔಷಧಿ ಉಗ್ರಾಣದ ಅರವತ್ತು ಮಂದಿ ಇಷ್ಟು ದಿನ ಒಂದೇ ಪಾಸ್‌ವರ್ಡನ್ನು ಗೋಡೆಗೆ ಅಂಟಿಸಿಕೊಂಡು ಕಾಲ ಹಾಕಿದ್ದರು. ಇನ್ನು ಪ್ರತಿಯೊಬ್ಬರೂ ಫೋನು ನೋಡಿ, ಅರ್ಧ ನಿಮಿಷಕ್ಕೊಮ್ಮೆ ಬದಲಾಗುವ ಸಂಖ್ಯೆ ಹಾಕಿಯೇ ನೆಟ್‌ವರ್ಕಿನೊಳಗೆ ಬರಬೇಕು. ಆ ಏರ್ಪಾಡು ಇವಳ ಕೊರಳಿಗೆ ಬಿದ್ದಿತ್ತು. ಬೀಳಲಿ, ಆದರೆ ಇವತ್ತೇ ಬೀಳಬೇಕೇ? ಮೂರು ಗಂಟೆಗೆ ಆಸ್ಪತ್ರೆಯಲ್ಲಿ ಅಮ್ಮನ ಕಣ್ಣಿನ ಪಟ್ಟಿ ಬಿಚ್ಚುವವರಿದ್ದರು. "ಕಣ್ಣು ಬಿಟ್ಟ ತಕ್ಷಣ ನಿನ್ನ ಮುಖಾನೇ ನೋಡ್ಬೇಕು ಕಣೇ" ಎಂದಿದ್ದಳು ಅಮ್ಮ. ಎರಡು ವರ್ಷದಿಂದ ಮಗಳ ಮುಖ ಅವಳಿಗೆ ಬರೀ ಮಬ್ಬು.

ಮ್ಯಾನೇಜರು ಬಾಗಿಲಲ್ಲಿ ಇಣುಕಿದರು. "ಜನ ಒಳಗೆ ಹೋಗೋ ತನಕ ನೀವು ಹೊರಗೆ ಹೋಗೋ ಹಾಗಿಲ್ಲಮ್ಮ." ತಮ್ಮ ಮಾತಿಗೆ ತಾವೇ ನಕ್ಕು ಹೋದರು. ಅವಳಿಗೆ ಮೈಯೆಲ್ಲ ಉರಿಯಿತು.

ಬಳಕೆದಾರರ ಪಟ್ಟಿಯನ್ನು ಅಳಿಸಿ ಮತ್ತೆ ಬರೆದಳು. ಸರ್ವರನ್ನು ಆರಿಸಿ ಹಚ್ಚಿದಳು. ತಪ್ಪು ಸಂಖ್ಯೆ.

ಸ್ಟೋರಿನ ಹುಡುಗಿ ಬಂದು, "ಅಕ್ಕಾ, ಎರಡೂವರೆ ಆಯ್ತು, ಹೊರಡಲ್ವಾ?" ಎಂದಳು.

"ಫೋನಲ್ಲಿ ಇನ್ನೂ ಎರಡು ಹತ್ತೊಂಬತ್ತು. ಗೋಡೆ ಗಡಿಯಾರ ಮುಂದಿದೆ."

"ಗೋಡೇದೊಂದೇನಾ? ಹಾಜರಿ ಮೆಷಿನ್ ಸರ್ವರ್ ನೋಡಿ ತಾನೇ ಟೈಮ್ ಹಾಕೋದು? ಜನ ತಡ ಮಾಡ್ತಾರೇಂತ ಸಾಹೇಬ್ರು ಸರ್ವರ್ ಟೈಮನ್ನೂ ಹನ್ನೊಂದು ನಿಮಿಷ ಮುಂದೆ ತಳ್ಳಿಸಿದ್ದಾರೆ."

ಅವಳು ಹಣೆ ಹಣೆ ಚಚ್ಚಿಕೊಂಡಳು. ಫೋನು ತನ್ನ ಗಡಿಯಾರ ನೋಡಿ ಸಂಖ್ಯೆ ಕಟ್ಟುತ್ತದೆ, ಸರ್ವರ್ ತನ್ನದನ್ನು ನೋಡಿ. ಎರಡೂ ಹೊಂದಿದರೆ ಮಾತ್ರ ಬಾಗಿಲು ತೆರೆಯುವುದು. ಇಲ್ಲಿ ಹೊಂದುವುದಾದರೂ ಹೇಗೆ? ಕೆಲಸಕ್ಕೆ ಸೇರಿದ ಎಂಟು ತಿಂಗಳಿಂದ ಆ ಸುಳ್ಳು ವೇಳೆಗೆ ಒಗ್ಗಿಹೋಗಿ, ಊರೆಲ್ಲ ಹುಡುಕಿದವಳು ಅದೊಂದನ್ನೇ ನೋಡಿರಲಿಲ್ಲ.

ಸರ್ವರಿನ ವೇಳೆ ಸರಿಮಾಡಿದಳು. ಹುಡುಗಿ ತನ್ನ ಫೋನಿನ ಸಂಖ್ಯೆ ಒತ್ತಿ ಮೊದಲನೇ ಸಲಕ್ಕೇ ಒಳಗೆ ಹೋದಳು. ಅಷ್ಟರಲ್ಲಿ ಮ್ಯಾನೇಜರು ಓಡಿಬಂದರು. "ಟೈಮ್ ಯಾಕೆ ಮುಟ್ಟಿದ್ರಿ? ವಾಪಸ್ ಹಾಕಿ, ನಾಳೆ ಒಬ್ರೂ ಹೊತ್ತಿಗೆ ಸರಿಯಾಗಿ ಬರಲ್ಲ!"

"ಹಾಕಿದ್ರೆ ಯಾರೂ ಲಾಗಿನ್ ಆಗಲ್ಲ ಸಾರ್. ನೀವೂ ಸೇರಿ."

ಮೂರು ಸಲ ಬಿಡಿಸಿ ಹೇಳಿದಳು. ಅರ್ಧ ಗಂಟೆ ನುಂಗಿದ ಮೇಲೆ ಅವರು, "ಹಾಗಾದ್ರೆ ಎಲ್ರ ಫೋನನ್ನೂ ಹನ್ನೊಂದು ನಿಮಿಷ ಮುಂದೆ ಮಾಡ್ಸಿದ್ರೆ?" ಎಂದರು.

"ಧಾರಾಳವಾಗಿ ಮಾಡ್ಸಿ ಸಾರ್" ಎಂದು ಚೀಲ ಎತ್ತಿಕೊಂಡು ಹೊರಟೇಬಿಟ್ಟಳು.

ಆಸ್ಪತ್ರೆ ಮುಟ್ಟಿದಾಗ ಮೂರೂ ಇಪ್ಪತ್ತು. "ಪಟ್ಟಿ ಬಿಚ್ಚಿ ಆಗ್ಲೇ ಇಪ್ಪತ್ತು ನಿಮಿಷ ಆಯ್ತು" ಎಂದು ನರ್ಸ್ ಸಿಡುಕಿದಳು. "ಡಾಕ್ಟ್ರು ಬೈದ್ರೂ ಕೇಳ್ತಿಲ್ಲ ನಿಮ್ಮಮ್ಮ. ನೀವಾದ್ರೂ ಹೇಳಿ."

ಒಳಗೆ ಮಂಚದ ಮೇಲೆ ಅಮ್ಮ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದಳು.

"ಬಂದ್ಯಾ? ಎಷ್ಟು ಹೊತ್ತೇ ಕಾಯೋದು! ಹತ್ರ ಬಾ."

ಅವಳು ಬಗ್ಗಿದಳು. ಅಮ್ಮ ಮೆಲ್ಲಗೆ ರೆಪ್ಪೆ ಬಿಚ್ಚಿ, ಕೆನ್ನೆ ಹಿಡಿದು ದಿಟ್ಟಿಸಿದಳು.

"ಎರಡು ವರ್ಷ ಆದ್ಮೇಲೆ ನೋಡ್ತಿದ್ದೀನಿ. ಮುಖ ಹೀಗಾ ಗಂಟು ಹಾಕ್ಕೊಂಡು ಬರೋದು?"