ಇಬ್ಬರಿಗೂ ಕೊಟ್ಟ ಒಂದೇ ಮಾತು

ಜೈ ಬಾಯಲ್ಲಿ ಕನ್ನಡ ಕೇಳಿದ ದಿನವೇ ಜುವೇರಿಯಾಗೆ ಅನುಮಾನ ಶುರುವಾಯಿತು.

ಶಿಕಾಗೋ ಪಕ್ಕದ ಓಕ್ ಬ್ರೂಕ್‌ನ ಪ್ರೇರಿಸ್ಯಾಟ್ ಕಂಪನಿಯಲ್ಲಿ ಅವಳು ವರ್ಷಗಳಿಂದ ದಿನಾ ಬೆಳಿಗ್ಗೆ ಒಂದು ಗಂಟೆಯ ಕನ್ನಡ ಕಾರ್ಯಕ್ರಮ ನಡೆಸುತ್ತಿದ್ದಳು. ಉಪಗ್ರಹದಿಂದ ನೇರ ಕಾರಿಗೆ ಬರುವ, ಚಂದಾ ಕಟ್ಟಿದವರಿಗಷ್ಟೇ ಕೇಳಿಸುವ ರೇಡಿಯೋ ಅದು. ಬೋಲಿಂಗ್‌ಬ್ರೂಕ್, ಪ್ಲೇನ್‌ಫೀಲ್ಡ್ ಕಡೆಯಿಂದ ಟ್ರಾಫಿಕ್ಕಿನಲ್ಲಿ ತೆವಳುತ್ತಾ ಆಫೀಸಿಗೆ ಹೋಗುವವರು ಪಟೇಲ್ ದಿನಸಿ ಅಂಗಡಿಯಲ್ಲಿ ಅವಳ ದನಿ ಕೇಳಿದರೆ ತಿರುಗಿ ನೋಡುತ್ತಿದ್ದರು. ಜೈ ಅಲ್ಲಿನ ಕಾರ್ಯಕ್ರಮಗಳ ಮುಖ್ಯಸ್ಥ. ಅಪ್ಪ ಅಮ್ಮ ಮಂಡ್ಯದವರು, ಅವನು ಹುಟ್ಟಿದ್ದು ಇಲ್ಲೇ. ಇಷ್ಟು ವರ್ಷ ಅವಳ ಜೊತೆ ಇಂಗ್ಲಿಷ್ ಬಿಟ್ಟು ಬೇರೆ ಆಡಿದವನಲ್ಲ.

"ಬನ್ನಿ ಆಂಟಿ, ಕೂತ್ಕೊಳ್ಳಿ. ಊಟ ಆಯ್ತಾ?" ಎಂದ. ಆಗಿನ್ನೂ ಬೆಳಿಗ್ಗೆ ಹತ್ತು ಗಂಟೆ.

ವಿಷಯ ಇಷ್ಟು. ಪ್ರೇರಿಸ್ಯಾಟ್‌ಗೆ ಇದ್ದ ಒಂದೇ ಒಂದು ಪ್ರತಿಸ್ಪರ್ಧಿ ಡೆಟ್ರಾಯಿಟ್ ಕಡೆಯ ಲೇಕ್‌ಟೋನ್. ಈಗ ಎರಡೂ ಒಂದಾಗಲು ಹೊರಟಿದ್ದವು. ಅದಕ್ಕೆ ವಾಷಿಂಗ್ಟನ್‌ನ ನಿಯಂತ್ರಕರು ಒಪ್ಪಬೇಕು. ಜನರ ಅಭಿಪ್ರಾಯ ಕೇಳಲು ಅವರು ಶಿಕಾಗೋದಲ್ಲೊಂದು ಸಭೆ ಕರೆದಿದ್ದರು.

"ನೀವು ಬಂದು ಎರಡು ಮಾತು ಹೇಳ್ಬೇಕು ಆಂಟಿ. ಮರ್ಜರ್ ಆದ್ರೆ ಸಣ್ಣ ಭಾಷೆಗಳಿಗೆ ಒಳ್ಳೇದು ಅಂತ."

"ಹೇಗೆ ಒಳ್ಳೇದು?"

ಜೈ ದನಿ ತಗ್ಗಿಸಿದ. "ಲೇಕ್‌ಟೋನ್‌ನಲ್ಲೂ ಒಂದು ಕನ್ನಡ ಶೋ ಇದೆಯಲ್ಲ. ಒಂದೇ ಕಂಪನೀಲಿ ಎರಡು ಇಟ್ಕೊಳ್ಳೋಕಾಗಲ್ಲ. ನಿಮ್ದು ಇರತ್ತೆ, ಪ್ರಾಮಿಸ್. ಇದು ನಮ್ಮಿಬ್ಬರ ಮಧ್ಯೆ ಇರ್ಲಿ."

ಲೇಕ್‌ಟೋನ್‌ನಲ್ಲಿ ಕನ್ನಡ ನಡೆಸುತ್ತಿದ್ದವರು ಮನೋಹರ್. ಜುವೇರಿಯಾ ಅವರ ಮುಖ ನೋಡಿದವಳಲ್ಲ, ಆದರೆ ಹೆಸರು ಕೇಳಿದರೇ ಅವಳಿಗೆ ಮೈ ಉರಿಯುತ್ತಿತ್ತು. ಒಂದೇ ಊರಿನವರನ್ನು ಹುಡುಕಿ ಫೋನಿನಲ್ಲಿ ಮಾತಾಡಿಸುವ ಕಾರ್ಯಕ್ರಮ ಅವಳು ಶುರು ಮಾಡಿದ ತಿಂಗಳೊಳಗೆ ಅವರೂ ಅದನ್ನೇ ಮಾಡಿದ್ದರು. ಅವರ ಕಾರ್ಯಕ್ರಮ ಹೋಗುತ್ತದೆ ಎಂದರೆ ಅವಳಿಗೆ ಖುಷಿಯಾಗಬೇಕಿತ್ತು.

"ಮತ್ತೆ ಮುಖ ಯಾಕೆ ಹಾಗಿದೆ?" ಎಂದ ಗಂಡ ಮಜೀದ್, ಸಂಜೆ ಚಹಾ ಸೋಸುತ್ತಾ.

"ನನ್ನ ಕೆಲ್ಸ ಉಳಿಸೋಕೆ ಅವರಿಗೇನು ಅಷ್ಟೊಂದು ಆತುರ? ಗುಟ್ಟಾಗಿ ಯಾಕೆ ಹೇಳ್ಬೇಕು?"

"ಆ ಮನೋಹರ್‌ಗೆ ಏನು ಹೇಳಿದಾರೆ ಅಂತ ಕೇಳು."

"ಅವರನ್ನಾ? ನನ್ನ ಐಡಿಯಾ ಕದ್ದೋರನ್ನಾ?"

"ಅವರಿಗೂ ಹೊಟ್ಟೆಪಾಡು ಇದೆ. ಕೇಳೋದ್ರಲ್ಲಿ ಏನು ಹೋಗತ್ತೆ?"

ಮೂರು ದಿನ ಒಳಗೇ ಕುದ್ದು, ಕೊನೆಗೆ ಮನೋಹರ್‌ಗೆ ಫೋನ್ ಮಾಡಿ ಭೇಟಿ ಗೊತ್ತು ಮಾಡಿಕೊಂಡು, ಶನಿವಾರ ಅವಳು ಕಾರು ತೆಗೆದಳು. ಮಿಶಿಗನ್ ಸರೋವರದ ಬುಡ ಬಳಸಿ, ಡೆಟ್ರಾಯಿಟ್ ಹತ್ತಿರದ ನೋವೈ ಊರಿನ ಒಂದು ಇಡ್ಲಿ ಹೋಟೆಲ್ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಮನೋಹರ್ ಬಾಗಿಲು ಕಾಣುವ ಮೂಲೆಯಲ್ಲಿ ಕೂತಿದ್ದರು. ಅರವತ್ತರ ಆಸುಪಾಸು, ಮೈಸೂರಿನ ಮಾತು. ಅವಳು ಕೂತದ್ದೇ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. ರೆಕಾರ್ಡ್ ಮಾಡ್ತಿದಾರಾ ಎಂದುಕೊಂಡಳು ಜುವೇರಿಯಾ.

"ಯಾರು ಕಳ್ಸಿದ್ರು ಮೇಡಂ ನಿಮ್ಮನ್ನ?" ಅವರೇ ಮೊದಲು ಕೇಳಿದರು.

"ಯಾರೂ ಇಲ್ಲ. ನಿಮ್ಮನ್ನೂ ಆ ಸಭೇಲಿ ಮಾತಾಡೋಕೆ ಕರೆದಿದಾರಾ?"

ಇಡ್ಲಿ ಬಂತು. ಮನೋಹರ್ ಮುರಿದರು, ತಿನ್ನಲಿಲ್ಲ. "ನಿಮಗೆ ಏನು ಹೇಳಿದಾರೆ, ಮೊದಲು ಅದು ಹೇಳಿ."

"ನಂದು ಇರತ್ತೆ, ನಿಮ್ದು ಹೋಗತ್ತೆ ಅಂತ."

ಅವರು ತಟ್ಟೆ ಪಕ್ಕಕ್ಕೆ ಸರಿಸಿದರು. "ನನಗೆ ಲೇಕ್‌ಟೋನ್‌ನವರು ಹೇಳಿರೋದು, ನಂದು ಇರತ್ತೆ, ಶಿಕಾಗೋ ಮೇಡಂದು ಹೋಗತ್ತೆ ಅಂತ. ಯಾರಿಗೂ ಹೇಳ್ಬೇಡಿ ಅಂದ್ರು."

ಆಮೇಲೆ ಮನೋಹರ್ ತಾವಾಗಿಯೇ ಒಪ್ಪಿಕೊಂಡರು. "ನಿಮ್ಮ ಫೋನ್ ಕಾರ್ಯಕ್ರಮ ನಾನು ನಕಲು ಮಾಡಿದ್ದು ನಿಜ. ಪ್ರೇರಿಸ್ಯಾಟ್‌ನಲ್ಲಿ ಒಂದು ಗಂಟೆ ಕೊಟ್ಟಿದಾರೆ, ನೀವು ಅರ್ಧ ಗಂಟೆ ಕೊಟ್ರೆ ಹೇಗೆ ಅಂತ ನಮ್ಮ ಕಂಪನಿಯವರ ಹತ್ರ ಜಗಳ ಆಡೇ ನಾನೂ ಒಂದು ಗಂಟೆ ತಗೊಂಡಿದ್ದು ಕಣ್ರೀ."

ಜುವೇರಿಯಾ ಬೆಚ್ಚಿದಳು. ಲೇಕ್‌ಟೋನ್‌ನವರು ಭಾನುವಾರವೂ ಕನ್ನಡ ಹಾಕುತ್ತಾರೆ ಎಂದು ಹಟ ಹಿಡಿದು ಅವಳೂ ಭಾನುವಾರ ಪಡೆದಿದ್ದಳು. ಇಷ್ಟು ದಿನ ಬೈದುಕೊಂಡು ಬಂದ ಮನುಷ್ಯನ ಹೆಸರು ಹೇಳಿಯೇ ತಾನು ಬೆಳೆದದ್ದು!

"ನಾಳೆ ಇರೋದು ಒಂದೇ ಕಂಪನಿ ಆದ್ರೆ, ಯಾರನ್ನ ತೋರ್ಸಿ ಕೇಳೋಣ?" ಎಂದಳು.

"ಹೌದು ಮೇಡಂ. ಅದನ್ನೇ ಸಭೇಲಿ ಹೇಳೋಣ. ಇಬ್ಬರೂ. ಮರ್ಜರ್ ಬೇಡ ಅಂತ" ಎಂದು ಮನೋಹರ್ ತಕ್ಷಣ ಒಪ್ಪಿದರು.

ತುಂಬ ಬೇಗ ಒಪ್ಪಿದರು ಎನಿಸಿದ್ದು ವಾಪಸು ಬರುವ ದಾರಿಯಲ್ಲಿ. ತಾನು ಬೇಡ ಎಂದು, ಅವರು ಬೇಕು ಎಂದರೆ ಜಾಗ ಅವರದೇ ಅಲ್ಲವೇ? ಅವರೂ ಈಗ ತನ್ನ ಬಗ್ಗೆ ಹಾಗೇ ಎಣಿಸುತ್ತಿರಬಹುದು. ಕಾರಿಗೆ ಪೆಟ್ರೋಲ್ ಹಾಕಲು ನಿಂತಾಗ ಅವರಿಗೆ ಫೋನ್ ಮಾಡಲು ಹೋಗಿ ಬಿಟ್ಟಳು.

ಸಭೆಯ ದಿನ ಮುಂದಿನ ಸಾಲಿನಲ್ಲೇ ಜೈ ನಗುತ್ತಾ ಕೂತಿದ್ದ. ಮನೋಹರ್ ಹಿಂದೆಲ್ಲೋ ಇದ್ದರು, ಅವಳತ್ತ ನೋಡಲಿಲ್ಲ. ಮೊದಲು ಅವಳ ಹೆಸರು ಕರೆದರು. ಅವಳು ಹೇಳಬೇಕಾದ್ದನ್ನು ಇಂಗ್ಲಿಷಿನಲ್ಲಿ ಸೀದಾ ಹೇಳಿದಳು: ಎರಡು ಕಂಪನಿಗಳಿದ್ದದ್ದಕ್ಕೇ ಕನ್ನಡಕ್ಕೆ ಜಾಗ ಸಿಕ್ಕಿತು; ಈಗ ಉಳಿಯುವ ಒಂದೇ ಜಾಗವನ್ನು ಇಬ್ಬರಿಗೂ ಕೊಡುವುದಾಗಿ ಗುಟ್ಟಾಗಿ ಮಾತು ಕೊಟ್ಟಿದ್ದಾರೆ; ದಯವಿಟ್ಟು ಅನುಮತಿ ಕೊಡಬೇಡಿ. ಜೈ ಮುಖದಿಂದ ನಗು ಇಳಿಯಿತು.

ಆಮೇಲೆ ಮನೋಹರ್ ಎದ್ದರು. "ಈಕೆ ಹೇಳಿದ್ದು ನಿಜ. ನನಗೂ ಅದೇ ಮಾತು ಕೊಟ್ಟಿದ್ದರು" ಎಂದಾಗ ಅವಳಿಗೆ ಉಸಿರು ಬಂತು. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. "ಆದರೂ ಒಂದಾಗಲು ಬಿಡಿ. ನಮ್ಮ ಕೇಳುಗರ ಮಕ್ಕಳೆಲ್ಲ ಫೋನಿನಲ್ಲೇ ಕೇಳುತ್ತಾರೆ, ರೇಡಿಯೋಗೆ ಚಂದಾ ಕಟ್ಟುವುದಿಲ್ಲ. ಬೇರೆ ಬೇರೆ ಇದ್ದರೆ ಎರಡೂ ಕಂಪನಿ ಮುಚ್ಚುತ್ತವೆ. ಈಗಿರುವ ಭಾಷೆಯ ಕಾರ್ಯಕ್ರಮ ಒಂದನ್ನೂ ತೆಗೆಯಬಾರದು ಎಂಬ ಷರತ್ತು ಹಾಕಿ ಬಿಡಿ."

ಹೊರಗೆ ಲಿಫ್ಟಿನ ಬಳಿ ಅವಳು ಅವರನ್ನು ಹಿಡಿದು ನಿಲ್ಲಿಸಿದಳು. "ನಾವು ಮಾತಾಡ್ಕೊಂಡಿದ್ದು ಇದಲ್ಲ."

"ಅಲ್ಲ ಮೇಡಂ. ಬರ್ತಾ ದಾರೀಲಿ ಯೋಚ್ನೆ ಮಾಡ್ದೆ. ಎರಡೂ ಮುಚ್ಚಿದ್ರೆ ನಮ್ಮ ಜಗಳಕ್ಕೆ ಅರ್ಥ ಏನು?"

"ದಾರೀಲೇ ಯೋಚ್ನೆ ಮಾಡಿದ್ರೋ, ಯಾರಾದ್ರೂ ಹೇಳಿಕೊಟ್ರೋ?"

ಮನೋಹರ್ ಮುಖ ಸಣ್ಣದಾಯಿತು. "ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು" ಎಂದು ಮೆಟ್ಟಿಲು ಇಳಿದು ಹೋದರು.

ಚಳಿಗಾಲದ ಹೊತ್ತಿಗೆ ನಿಯಂತ್ರಕರು ಅನುಮತಿ ಕೊಟ್ಟರು. ಷರತ್ತೂ ಬಂತು, ಆದರೆ ಮೂರು ವರ್ಷಕ್ಕೆ ಮಾತ್ರ. ಕಾರ್ಯಕ್ರಮ ತೆಗೆಯುವಂತಿಲ್ಲ ಎಂದಿತ್ತೇ ಹೊರತು ಎಷ್ಟು ಹೊತ್ತು ಎಂದಿರಲಿಲ್ಲ. ಹೊಸ ಕಂಪನಿ ಇಬ್ಬರಿಗೂ ಅರ್ಧರ್ಧ ಗಂಟೆ ಕೊಟ್ಟಿತು.

ಆ ಸುದ್ದಿ ಬಂದ ಮಧ್ಯಾಹ್ನ ಮನೋಹರ್ ಅವರೇ ಫೋನ್ ಮಾಡಿದರು. "ನೀವು ಹೇಳಿದ್ದೇ ಸರಿ ಇತ್ತೇನೋ ಮೇಡಂ. ಪೂರ್ತಿ ಗಂಟೆ ವಾಪಸ್ ಕೊಡಿ ಅಂತ ಹೊಸ ಕಂಪನಿಯವರನ್ನ ಒಟ್ಟಿಗೆ ಹೋಗಿ ಕೇಳೋಣ್ವಾ?"

"ಕೇಳೋಣ" ಎಂದಳು ಜುವೇರಿಯಾ. "ಆದ್ರೆ ಈ ಸಲ ಒಂದೇ ಕಾರಲ್ಲಿ ಹೋಗೋಣ. ದಾರೀಲಿ ನಿಮಗೆ ಏನೇನು ಯೋಚ್ನೆ ಬರತ್ತೋ, ನಾನೂ ಕೇಳ್ಬೇಕು."