ಮೂರು ಸುತ್ತು ಬೆರಳಿನದು

ಮೂರನೆಯ ನಟ್ಟಿಗೆ ರೆಂಚಿನ ಬಾಯಿ ಕೊಡುವ ಮೊದಲು ಲಾನ್‌ಹುಯಿ ಸೆಣಬಿನ ಶೋಕದಂಗಿಯ ತೋಳುಗಳನ್ನು ಮೊಣಕೈಗಿಂತ ಮೇಲಕ್ಕೆ ಸುತ್ತಿ, ತುದಿಯನ್ನು ಹಲ್ಲಿನಲ್ಲಿ ಹಿಡಿದು ಗಂಟು ಹಾಕಿಕೊಂಡಳು. ನಟ್ಟನ್ನು ಕಚ್ಚಿ ತಿರುಗುವ ಸಾಕೆಟ್ಟಿನ ಹತ್ತಿರ ಜೋಲು ಬಟ್ಟೆ ಸುಳಿಯಬಾರದು. ಅದು ಅಪ್ಪನ ಮಾತು. ಅಪ್ಪ ಏಣಿಯಿಂದ ನಾಲ್ಕು ಮಾರು ದೂರದಲ್ಲಿ, ಪೆಟ್ಟಿಗೆಯೊಳಗೆ ಮಲಗಿದ್ದ.

ಬ್ಯಾಟರಿ ರೆಂಚು ಗುರ್ರೆಂದು ತಿರುಗಿ, ನಟ್ಟು ಕೂತ ಕೂಡಲೇ ಕಟಕಟ ಎಂದಿತು. ಅವಳು ಎರಡು ಎಣಿಸಿ ಗುಂಡಿಯಿಂದ ಬೆರಳು ತೆಗೆದಳು.

"ಇಳಿಯೇ ಕೆಳಗೆ!" ಚಿಕ್ಕಪ್ಪ ಬೂನ್‌ಕೂಯಿ ಏಣಿಯ ಬುಡದಲ್ಲಿ ನಿಂತು ಕೂಗಿದ. "ಹೆತ್ತ ಅಪ್ಪನ ತಲೆ ಮೇಲೆ ಹತ್ತಿ ಕಟಕಟ ಅನ್ನಿಸ್ತಾ ಇದೀಯಲ್ಲ, ಬುದ್ಧಿ ಗಿದ್ಧಿ ಇದೆಯೋ ಇಲ್ವೋ ನಿಂಗೆ?"

"ಗಾಳಿ ತಿರುಗಿದೆ ಚಿಕ್ಕಪ್ಪ. ಈ ಕಂಬದ್ದು ಇನ್ನೆರಡು ನೋಡ್ಬಿಡ್ತೀನಿ."

"ಹಾರಿಹೋದ್ರೆ ಹೋಗ್ಲಿ ಬಿಡು ಅತ್ಲಾಗೆ."

"ಪೆಂಡಾಲ್ ಬೂನ್‌ಚಾಯ್ ಹೆಣದ ಮೇಲಿನ ಪೆಂಡಾಲೇ ಹಾರೋಯ್ತು ಅಂತ ಊರೋರೆಲ್ಲ ಆಡ್ಕೊಂಡು ನಗ್ಲಾ?"

ಯುನ್‌ಲಿನ್ ಕಡಲ ದಂಡೆಯ ಚಳಿಗಾಲದ ಗಾಳಿಯ ವಿಷಯ ಚಿಕ್ಕಪ್ಪನಿಗೂ ಗೊತ್ತಿತ್ತು. ಬೆಳ್ಳುಳ್ಳಿ ಹೊಲದ ಮಣ್ಣನ್ನೆಲ್ಲ ಎತ್ತಿ ಮನೆಯೊಳಗೆ ತಂದು ಸುರಿಯುವ ಗಾಳಿ ಅದು. ಆ ಗಾಳಿಯಲ್ಲಿ ನಲವತ್ತೈದು ವರ್ಷ ಅವನಣ್ಣ ಬೂನ್‌ಚಾಯ್ ಪೆಂಡಾಲು ಹಾಕಿದ್ದ. ಮದುವೆಗೆ ಕೆಂಪು ಬಟ್ಟೆ, ಸಾವಿಗೆ ನೀಲಿ-ಬಿಳಿ. ಪೈಪುಗಳು ಎರಡಕ್ಕೂ ಅವೇ. ಹತ್ತು ದಿನದ ಕೆಳಗೆ ಮಧ್ಯಾಹ್ನ ಉಂಡು, ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದವನು ಮತ್ತೆ ತೆರೆಯಲಿಲ್ಲ. ವಯಸ್ಸು ಎಪ್ಪತ್ತನಾಲ್ಕು. ಹೆಚ್ಚು ರಾದ್ಧಾಂತವಿಲ್ಲದ ಸಾವು.

ಲಾನ್‌ಹುಯಿ ಇಳಿದು ಬಂದು, ರೆಂಚಿನಿಂದ ಬ್ಯಾಟರಿ ಕಿತ್ತು, ಎರಡನ್ನೂ ಬೇರೆ ಬೇರೆಯಾಗಿ ಡಬ್ಬಿಯಲ್ಲಿಟ್ಟಳು. ಐದು ನಿಮಿಷಕ್ಕೆ ಕೆಳಗಿಟ್ಟರೂ ಬ್ಯಾಟರಿ ಕೀಳಬೇಕು. ಅದೂ ಅಪ್ಪನ ಮಾತೇ.

"ಹತ್ತು ಗಂಟೆಗೆ ಮೊಳೆ ಶಾಸ್ತ್ರ," ಎಂದ ಚಿಕ್ಕಪ್ಪ, ಬೇರೆ ಕಡೆ ನೋಡುತ್ತ. "ಸಂತಾನದ ಮೊಳೆ ನನ್ನ ಮಗ ಚೀವೇ ಕೀಳ್ತಾನೆ. ಪುರೋಹಿತರಿಗೆ ಹೇಳಾಯ್ತು."

ಪೆಟ್ಟಿಗೆಯ ನಾಲ್ಕು ಮೂಲೆಗೆ ನಾಲ್ಕು ಮೊಳೆ. ಐದನೆಯದು ಬಣ್ಣದ ದಾರ ಸುತ್ತಿದ ಚಿಕ್ಕ ಮೊಳೆ. ಅದನ್ನು ಕುಲದ ಹಿರಿಯ ಸಡಿಲವಾಗಿ, ಶಾಸ್ತ್ರಕ್ಕಷ್ಟೇ ತಟ್ಟಿ ನಿಲ್ಲಿಸುತ್ತಾನೆ. ಮಗ ಮಂಡಿಯೂರಿ ಹಲ್ಲಿನಲ್ಲಿ ಕಚ್ಚಿ ಕಿತ್ತು ಧೂಪದ ಬೋಗುಣಿಗೆ ಹಾಕುತ್ತಾನೆ. ಕಿತ್ತವನು ಸತ್ತವನ ಮುಂದುವರಿಕೆ ಎಂದು ಅರ್ಥ. ಬೂನ್‌ಚಾಯ್‌ಗೆ ಗಂಡು ಮಕ್ಕಳಿರಲಿಲ್ಲ.

"ನಾನು ಕೀಳ್ತೀನಿ," ಎಂದಳು ಲಾನ್‌ಹುಯಿ.

"ನೀನು ಮದುವೆಯಾಗಿ ಬೇರೆ ಮನೆಗೆ ಹೋದವಳಮ್ಮಾ."

"ಹೋಗಿದ್ದು ಪಕ್ಕದೂರಿಗೆ. ಬೆಳಗಾದ್ರೆ ಏಳು ಗಂಟೆಗೆ ಇಲ್ಲೇ ಇರ್ತಿದ್ದೆ. ಇಪ್ಪತ್ತಾರು ವರ್ಷ. ಚೀವೇ ಎಷ್ಟು ಸಲ ಬಂದಿದ್ದ ಹೇಳು?"

ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಚೀವೇ ಪಾಪ, ಅಲ್ಲೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. "ಅಪ್ಪಾ, ಅಕ್ಕನೇ ಕೀಳ್ಲಿ ಬಿಡು. ನಂದು ಮುಂದಿನ ಎರಡು ಹಲ್ಲು ಕಟ್ಟಿಸಿದ್ದು."

"ಕಟ್ಟಿಸಿದ್ರೂ ಹಲ್ಲು ಹಲ್ಲೇ. ಬಾಯ್ಮುಚ್ಚು." ಚಿಕ್ಕಪ್ಪ ಲಾನ್‌ಹುಯಿಯತ್ತ ತಿರುಗಿ ದನಿ ತಗ್ಗಿಸಿದ. "ನಿಮ್ಮಪ್ಪನೇ ಈಗ ಎದ್ದು ಬಂದ್ರೆ ಏನಂತಿದ್ದ, ನೀನೇ ಹೇಳು ನೋಡೋಣ."

ಲಾನ್‌ಹುಯಿ ಬಗ್ಗಿ ಡಬ್ಬಿಯ ಮುಚ್ಚಳ ಮುಚ್ಚಿದಳು. ಅದೇ ಅವಳಿಗೂ ಗೊತ್ತಿರಲಿಲ್ಲ. ಹತ್ತು ದಿನದಿಂದ ಅವಳನ್ನು ಕೊರೆಯುತ್ತಿದ್ದದ್ದು ಅದೊಂದೇ.

*

ಬ್ಯಾಟರಿ ರೆಂಚು ಆ ಮನೆಗೆ ಬಂದಾಗ ಅವಳಿಗೆ ಮೂವತ್ತು. ಅಲ್ಲಿಯವರೆಗೆ ಕೈ ಸ್ಪ್ಯಾನರಿನದೇ ಕೆಲಸ. ಎಲ್ಲರಿಗಿಂತ ಮುಂದೆ ಹೋಗಿ ತನ್ನ ಸಾಲಿನ ಬೋಲ್ಟುಗಳಿಗೆ ನಟ್ಟು ಹಚ್ಚಿ ಬೆರಳಲ್ಲಿ ಮೂರು ಸುತ್ತು ತಿರುಗಿಸುವುದು ಅವಳ ಪಾಲು. ಗಂಡಸರು ಹಿಂದಿನಿಂದ ಬಿಗಿ ಮಾಡಿಕೊಂಡು ಬರುತ್ತಿದ್ದರು. ಏಣಿಯ ಮೇಲೆ ಕೈ ಖಾಲಿ ಇರಬೇಕೆಂದು ಅಪ್ಪ ನಾಲ್ಕೈದು ನಟ್ಟುಗಳನ್ನು ತುಟಿಯ ನಡುವೆ ಹಿಡಿದಿರುತ್ತಿದ್ದ. ಅವಳೂ ಅದನ್ನೇ ಕಲಿತಳು. ಮದುವೆಯ ದಿನವೂ ಬಾಯಲ್ಲಿ ಕಬ್ಬಿಣದ ರುಚಿ ಇತ್ತು ಎಂದು ಆಮೇಲೆ ಗಂಡನ ಹತ್ತಿರ ಹೇಳಿ ನಕ್ಕಿದ್ದಳು.

ರೆಂಚನ್ನು ಮೊದಲ ವಾರ ಅಪ್ಪನೇ ಇಟ್ಟುಕೊಂಡ. ಹೊಸ ಆಟಿಕೆ ಸಿಕ್ಕವನ ಹಾಗೆ ಇದ್ದಬದ್ದ ಬೋಲ್ಟಿಗೆಲ್ಲ ಹಚ್ಚಿದ. ಐದನೆಯ ದಿನ, ಹತ್ತಿಯ ಕೈಗವಸು ತೊಟ್ಟು, ಅಲುಗಾಡುವ ಸಾಕೆಟ್ಟನ್ನು ಎಡಗೈಯಲ್ಲಿ ಆನಿಸಿ ಹಿಡಿದು ಗುಂಡಿ ಒತ್ತಿದ. ಕೈಗವಸಿನ ಎಳೆಯೊಂದು ಸಿಕ್ಕಿಕೊಂಡಿತು. ಕಣ್ಣು ಮಿಟುಕಿಸುವುದರೊಳಗೆ ಕಿರುಬೆರಳು ಹಿಂದುಮುಂದಾಗಿ ನಿಂತಿತ್ತು. ಎರಡು ದಿನ ಅವನು ರೆಂಚಿನ ಡಬ್ಬಿ ತೆರೆಯಲಿಲ್ಲ. ನೋವಿಗಿಂತ ನಾಚಿಕೆಯೇ ಹೆಚ್ಚಾಗಿತ್ತು.

ಮೂರನೆಯ ದಿನ ರೆಂಚನ್ನು ಹಳೆಯ ಆಳು ಹೋಕ್‌ಸೇಂಗ್‌ನ ಕೈಗಿಟ್ಟ. ಆಮೇಲೆ ಬಂದುಹೋದ ಆಳುಗಳಿಗೂ ಕೊಟ್ಟ. ಮಗಳಿಗೆ ಮಾತ್ರ ಕೊಡಲಿಲ್ಲ. ಅವಳದು ಅದೇ ಮೂರು ಸುತ್ತು. ನಾಲ್ಕು ವರ್ಷ.

ಕೊನೆಗೊಂದು ದಿನ ದೇವಸ್ಥಾನದ ಮುಂದೆ ಪೆಂಡಾಲು ಬಿಚ್ಚುವಾಗ ಅಪ್ಪ ಇದ್ದಕ್ಕಿದ್ದಂತೆ ರೆಂಚನ್ನು ಅವಳತ್ತ ಚಾಚಿದ.

"ಹಿಡಿ. ಎರಡು ಕೈಲಿ. ಕಾಲು ಅಗಲ ಇಡು, ಅದು ಒದೆಯುತ್ತೆ. ಗುಂಡಿ ಯಾವ ಕಡೆಗಿದೆ, ಬಿಗಿಗೋ ಬಿಚ್ಚೋಕೋ, ಮೊದಲು ಅದನ್ನ ನೋಡು. ಕೂರಿಸುವಾಗ ಶಬ್ದ ಬದಲಾಗುತ್ತಲ್ಲ, ಅಲ್ಲಿಂದ ಎರಡು ಎಣಿಸಿ ಬಿಟ್ಬಿಡು. ಮೂರು ಎಣಿಸಿದ್ಯೋ, ಥ್ರೆಡ್ಡು ಕಿತ್ತೋಯ್ತು ಅಂತ್ಲೇ ಲೆಕ್ಕ."

"ಇದು ಬರ್ತಾನೇ ಇಲ್ವಲ್ಲಪ್ಪ."

"ತುಕ್ಕು ಕಚ್ಚಿದೆ. ಹಟ ಮಾಡ್ಬೇಡ. ಮೊದಲು ಒಂದು ಕೂದಲಷ್ಟು ಬಿಗಿ ಮಾಡು. ಹ್ಞಾ. ಈಗ ಬಿಚ್ಚು."

ನಟ್ಟು ಬಂತು. ಅವಳು ಅದನ್ನು ಅಂಗೈಯಲ್ಲಿ ಹಿಡಿದು ಕೇಳಿಯೇಬಿಟ್ಟಳು. "ಇಷ್ಟು ವರ್ಷ ನಂಗ್ಯಾಕೆ ಕೊಡ್ಲಿಲ್ಲ?"

ಅಪ್ಪ ಅವಳ ಅಂಗೈಯಿಂದ ನಟ್ಟು ತೆಗೆದು ತುಟಿಯ ನಡುವೆ ಇಟ್ಟುಕೊಂಡ. ಬಾಯಲ್ಲಿ ನಟ್ಟಿದ್ದವನು ಮಾತಾಡುವುದು ಹೇಗೆ? ಹೂಂ ಎಂದು ಮುಂದಿನ ಕಂಬಕ್ಕೆ ಹೋದ. ಹೆಣ್ಣೆಂದು ನಂಬಲಿಲ್ಲ ಎಂದು ಲಾನ್‌ಹುಯಿ ತಾನೇ ಉತ್ತರ ಹೇಳಿಕೊಂಡಳು. ಹನ್ನೆರಡು ವರ್ಷ ಆ ಉತ್ತರ ಒಳಗೇ ಉಳಿದಿತ್ತು.

*

ಪೆಂಡಾಲಿನ ಹಿಂಬದಿಯಲ್ಲಿ ಕೇರಿಯ ಹೆಂಗಸರು ದೊಡ್ಡ ಪಾತ್ರೆಯಲ್ಲಿ ಉಪ್ಪುಗಂಜಿ ಕಾಯಿಸಿದ್ದರು. ಬಂದವರೆಲ್ಲ ಬಟ್ಟಲು ಹಿಡಿದು ಗಾಳಿಗೆ ಬೆನ್ನು ಕೊಟ್ಟು ಕೂತಿದ್ದರು.

"ನನ್ನ ಮದುವೆಗೂ ಇವನದೇ ಪೆಂಡಾಲು, ನಮ್ಮನೆಯವರು ಹೋದಾಗ್ಲೂ ಇವನದೇ," ಎಂದಳು ಎದುರುಮನೆಯ, ಕಡಲ ಸಿಂಪಿಯ ಚಿಪ್ಪು ಬಿಡಿಸುವ ಮುದುಕಿ ಗೀಮ್‌ಹೋಂಗ್. "ಆ ಮೂಲೇಲಿ ಡೊಂಕು ಪೈಪು ಇದೆಯಲ್ಲ, ಎರಡು ಸಲಾನೂ ನನ್ನ ತಲೆ ಮೇಲೇ ಇತ್ತು. ಈ ಸಲಾನೂ ಹುಡುಕ್ಕೊಂಡು ಅಲ್ಲೇ ಹೋಗಿ ಕೂತಿದೀನಿ ನೋಡು."

"ನಿಂದಕ್ಕೂ ಅದೇ ಪೈಪು ಹಾಕಿಸ್ತೀವಿ ಬಿಡಜ್ಜಿ, ಯೋಚ್ನೆ ಮಾಡ್ಬೇಡ," ಎಂದ ಹೋಕ್‌ಸೇಂಗ್.

"ಥೂ ನಿನ್ನ! ನಾನು ನಿನ್ನ ಸಾವಿನ ಗಂಜಿ ಕುಡಿದೇ ಹೋಗೋದು."

ಎಲ್ಲರೂ ನಕ್ಕರು. ಲಾನ್‌ಹುಯಿಯೂ ನಕ್ಕಳು. ನಗು ನಿಂತ ಮೇಲೆ ಹೋಕ್‌ಸೇಂಗ್ ಬಟ್ಟಲನ್ನು ಕೆಳಗಿಟ್ಟು ಬಾಯಿ ಒರೆಸಿಕೊಂಡ.

"ಬೆಳಿಗ್ಗೆ ನೀನು ಮೇಲೆ ಹತ್ತಿದ್ದು ನೋಡಿದೆ. ಹತ್ಬೇಕಾಗಿರ್ಲಿಲ್ಲ ತಂಗಿ. ಅವೆಲ್ಲ ನೀನೇ ಶುರು ಮಾಡಿದ ನಟ್ಟು ತಾನೇ?"

"ಆದ್ರೇನು? ಅಪ್ಪ ಇದ್ದಿದ್ರೆ ಇನ್ನೊಂದು ಸಲ ಎಲ್ಲ ನೋಡ್ತಿದ್ದ."

"ನಿಂದಾ?" ಹೋಕ್‌ಸೇಂಗ್ ಅವಳ ಮುಖ ನೋಡಿದ. "ನಿಂದು ಅವರು ಯಾವತ್ತು ನೋಡಿದ್ರು?"

"ಊಟದ ಹೊತ್ತಲ್ಲಿ ಕೈ ಸ್ಪ್ಯಾನರ್ ಹಿಡ್ಕೊಂಡು ಸುತ್ತು ಹಾಕ್ತಿರ್ಲಿಲ್ವಾ ದಿನಾ? ಎಲ್ಲ ಕಂಬಕ್ಕೂ?"

"ಹಾಕ್ತಿದ್ರು. ನಾನು ಶುರು ಮಾಡಿದ್ದು ನೋಡೋರು. ಆಳುಗಳದ್ದು ನೋಡೋರು. ತಮ್ಮದೇ ಎರಡೆರಡು ಸಲ ನೋಡ್ಕೊಳ್ಳೋರು, ಆ ಬೆರಳು ಮುರಿದ್ಮೇಲಂತೂ. ನಿನ್ನ ಸಾಲಿಗೆ ಬಂದಾಗ ಸ್ಪ್ಯಾನರು ಜೇಬಿಗೆ ಹೋಗೋದು. ಕಂಬ ಒಂದ್ಸಲ ಮುಟ್ಟಿ ಮುಂದಕ್ಕೆ. ನಿಂಗೊತ್ತಿರ್ಲಿಲ್ವಾ?"

ಲಾನ್‌ಹುಯಿ ಗಂಜಿಯನ್ನು ಕಲಕುತ್ತ ಕೂತಳು.

"ನಾನೊಂದ್ಸಲ ಕೇಳಿದೆ," ಎಂದ ಹೋಕ್‌ಸೇಂಗ್. "ಮಗಳಿಗೊಂದು ರೆಂಚು ಕೊಡಿ ಯಜಮಾನ್ರೇ, ಪಾಪ, ಮುಖ ಊದಿಸ್ಕೊಂಡು ಓಡಾಡ್ತಾಳೆ ಅಂದೆ. ಅದಕ್ಕವರು, ಆ ಗುಂಡಿ ಯಾವ ದನ ಕಾಯೋನು ಬೇಕಾದ್ರೂ ಒತ್ತುತಾನೆ ಕಣಯ್ಯಾ, ನಟ್ಟನ್ನ ನೆಟ್ಟಗೆ ಶುರು ಮಾಡೋ ಬೆರಳು ಈ ಜಿಲ್ಲೇಲೇ ಇನ್ನೊಂದಿಲ್ಲ, ಅವಳನ್ನ ಅಲ್ಲಿಂದ ತೆಗೆದ್ರೆ ನಾನು ಕೆಟ್ಟೆ ಅಂದ್ರು. ದನ ಕಾಯೋನು ಅಂದಿದ್ದು ನನ್ನ ಮುಖ ನೋಡ್ಕೊಂಡೇ."

"ನಂಗ್ಯಾಕೆ ಹೇಳ್ಲಿಲ್ಲ?"

"ಅವರು ಯಾರಿಗೆ ಏನು ಹೇಳಿದ್ರು ಹೇಳು? ಬಾಯಿ ತುಂಬ ಯಾವಾಗ್ಲೂ ನಟ್ಟು."

ಅವಳಿಗೆ ಅಳು ಬಂತು. ಹತ್ತು ದಿನದಿಂದ ಶಾಸ್ತ್ರಕ್ಕೆಂದು ಹೊತ್ತು ಹೊತ್ತಿಗೆ ಅತ್ತಿದ್ದು ಬೇರೆ, ಇದು ಬೇರೆ. ಗೀಮ್‌ಹೋಂಗ್ ಮುದುಕಿ ಏನೂ ಕೇಳದೆ ಅವಳ ಬಟ್ಟಲನ್ನು ತೆಗೆದು ಪಕ್ಕಕ್ಕಿಟ್ಟಳು.

*

ಹತ್ತು ಗಂಟೆಗೆ ಪುರೋಹಿತ ಗಂಟೆ ಬಾರಿಸಿದ. ಎಲ್ಲರೂ ಮಂಡಿಯೂರಿದರು. ಕೆಂಪು ಬಟ್ಟೆ ಸುತ್ತಿದ ಕೊಡಲಿಯನ್ನು ಎರಡೂ ಕೈಯಲ್ಲಿ ಹಿಡಿದು ಬೂನ್‌ಕೂಯಿ ಅದರ ಹಿಂಬದಿಯಿಂದ ಮೂಲೆಯ ಮೊಳೆಗಳನ್ನು ಹೊಡೆಯುತ್ತ ಪೆಟ್ಟಿಗೆಯ ಸುತ್ತ ಬಂದ. ಪ್ರತಿ ಮೂಲೆಯಲ್ಲೂ ಪುರೋಹಿತ ಒಂದೊಂದು ಹಾರೈಕೆ ಹಾಡಿದ: ಮನೆಯಲ್ಲಿ ಧಾನ್ಯ ತುಂಬಲಿ, ಮಕ್ಕಳು ಮೊಮ್ಮಕ್ಕಳು ಹೆಚ್ಚಲಿ. ಪ್ರತಿ ಹಾರೈಕೆಗೂ ಜನ ತಥಾಸ್ತು ಎಂಬಂತೆ "ಉಂಟು!" ಎಂದು ಕೂಗಿದರು. ಪೆಂಡಾಲಿನ ಬಟ್ಟೆ ಗಾಳಿಗೆ ಪಟಪಟ ಹೊಡೆದುಕೊಂಡಿತು, ಆದರೆ ಪೈಪುಗಳು ಕಿರುಗುಟ್ಟಲಿಲ್ಲ.

ನಾಲ್ಕು ಮೊಳೆ ಮುಗಿಯಿತು. ಐದನೆಯದರ ಮೇಲೆ ಕೊಡಲಿ ಎತ್ತುವ ಹೊತ್ತಿಗೆ ಬೂನ್‌ಕೂಯಿಯ ಕಣ್ಣು ತುಂಬಿ ಹರಿಯುತ್ತಿತ್ತು. ಎಪ್ಪತ್ತು ವರ್ಷ ಜೊತೆಗಿದ್ದ ಅಣ್ಣ. ಕಾಣದ ಕಣ್ಣಿನಲ್ಲೇ ತಟ್ಟಿದ. ತಟ್ಟಿದ್ದು ಸಾಲದೆಂದೋ ಏನೋ, ಅಣ್ಣಾ ಎಂದು ಬಿಕ್ಕುತ್ತ ಇನ್ನೊಂದು ಏಟು ಬಿಟ್ಟ. ಮತ್ತೊಂದು ಬಿಟ್ಟ.

"ಅಯ್ಯಯ್ಯೋ, ಸಾಕು ಸಾಕು!" ಎಂದು ಪುರೋಹಿತ ಅವನ ರಟ್ಟೆ ಹಿಡಿಯುವಷ್ಟರಲ್ಲಿ ಮೊಳೆಯ ತಲೆ ದಾರದ ಜೊತೆಗೇ ಮರಕ್ಕೆ ಇಳಿದಿತ್ತು.

ಚೀವೇ ಮಂಡಿಯೂರಿ ಮುಖ ಬಗ್ಗಿಸಿದ. ಎಡಗಡೆಯಿಂದ ಕಚ್ಚಿದ, ಬಲಗಡೆಯಿಂದ ಕಚ್ಚಿದ. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಎದ್ದು ಕೂತ.

"ಆಗಲ್ಲಪ್ಪ. ಹಲ್ಲು ಅಲ್ಲಾಡ್ತಾ ಇದೆ."

"ಇಕ್ಕಳ ತರ್ಲಾ?" ಎಂದು ಯಾರೋ ಹಿಂದಿನಿಂದ ಕೇಳಿದರು.

"ಸಂತಾನದ ಮೊಳೆಗೆ ಇಕ್ಕಳ ಹಚ್ತಾರೇನ್ರೀ?" ಪುರೋಹಿತ ಸಿಡುಕಿ ಕೈಗಡಿಯಾರ ನೋಡಿಕೊಂಡ. "ಹಲ್ಲಲ್ಲೇ ಆಗ್ಬೇಕು. ಗಳಿಗೆ ಮೀರ್ತಾ ಇದೆ."

ಬೂನ್‌ಕೂಯಿ ಕೊಡಲಿ ಹಿಡಿದೇ ನಿಂತಿದ್ದ. ಮೊಳೆ ನೋಡಿದ. ಮಗನನ್ನು ನೋಡಿದ. ಎದುರಿಗೆ ಮಂಡಿಯೂರಿ, ತೋಳು ಸುತ್ತಿ ಗಂಟು ಹಾಕಿಕೊಂಡೇ ಇದ್ದ ಅಣ್ಣನ ಮಗಳನ್ನು ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ, ಮೊಳೆಯನ್ನು ನೋಡುತ್ತಿದ್ದಳು.

"ಏಳೋ," ಎಂದ ಮಗನಿಗೆ, ಮೂಗು ಒರೆಸಿಕೊಳ್ಳುತ್ತ. "ಅವಳಿಗೆ ಜಾಗ ಬಿಡು."

ಲಾನ್‌ಹುಯಿ ಮಂಡಿಯ ಮೇಲೇ ಮುಂದೆ ಸರಿದಳು. ಬೆರಳಿನಿಂದ ಮೊಳೆಯ ತಲೆಯನ್ನು ಸವರಿದಳು. ಕೀಳಲು ಹೋಗಲಿಲ್ಲ. ಹೆಬ್ಬೆರಳನ್ನು ಅದರ ಮೇಲಿಟ್ಟು, ಮೈಭಾರವನ್ನೆಲ್ಲ ಹಾಕಿ ಒಳಕ್ಕೇ ಅದುಮಿದಳು.

"ಒಳಗ್ಯಾಕೆ ತಳ್ತೀಯೇ?" ಎಂದು ಬೂನ್‌ಕೂಯಿ ಗಾಬರಿಯಾದ.

"ಸುಮ್ನಿರಿ," ಎಂದ ಹೋಕ್‌ಸೇಂಗ್ ಹಿಂದಿನಿಂದ. "ಅವಳಿಗೆ ಗೊತ್ತು."

ಮರದೊಳಗೆ ಟಿಕ್ ಎಂದು ಸಣ್ಣ ಸದ್ದಾಯಿತು. ಅವಳು ಉಗುರಿನಿಂದ ಬಣ್ಣದ ದಾರದ ಎಳೆ ಬಿಡಿಸಿ, ಅದನ್ನು ಹಿಡಿದು ಮೊಳೆಯನ್ನು ಆಚೆಗೊಂದು ಈಚೆಗೊಂದು ಬಾರಿ ಅಲುಗಿಸಿದಳು. ತಲೆಯ ಅಂಚು ಕೂದಲಷ್ಟು ಮೇಲೆ ಬಂತು. ಬಗ್ಗಿ ಅದನ್ನು ಮುಂಬಲ್ಲುಗಳ ನಡುವೆ ಹಿಡಿದಳು. ಆ ರುಚಿ ಅವಳಿಗೆ ಗುರುತಿತ್ತು.

ಮೊಳೆ ನೆಟ್ಟಗೆ ಎದ್ದು ಬಂತು.

"ಬಂತಾ?" ಎಂದು ಕಣ್ಣು ಸರಿ ಕಾಣದ ಗೀಮ್‌ಹೋಂಗ್ ಮುದುಕಿ ಕೂಗಿದಳು. "ಏ ಹುಡುಗಿ, ಬಂತಾ ಹೇಳೇ!"

ಬಾಯಲ್ಲಿ ಮೊಳೆ ಕಚ್ಚಿದ್ದ ಲಾನ್‌ಹುಯಿ ಹೂಂ ಎಂದಳು. ಪುರೋಹಿತ ಹಾರೈಕೆಯನ್ನು ಬೇಗಬೇಗ ಹಾಡಿ ಮುಗಿಸಿದ. ಜನ "ಉಂಟು!" ಎಂದರು. ಎಲ್ಲರಿಗಿಂತ ಜೋರಾಗಿ ಕೂಗಿದವನು ಬೂನ್‌ಕೂಯಿ.

ಧೂಪದ ಬೋಗುಣಿಯನ್ನು ಚೀವೇ ಎರಡೂ ಕೈಯಲ್ಲಿ ಎತ್ತಿ ಹಿಡಿದ. ಮೊಳೆಯನ್ನು ಅದರೊಳಕ್ಕೆ ಉಗಿದರೆ ಸಾಕು, ಶಾಸ್ತ್ರ ಮುಗಿಯಿತು. ಲಾನ್‌ಹುಯಿ ಉಗಿಯಲಿಲ್ಲ. ಮೊಳೆಯನ್ನು ಬಾಯಿಯಿಂದ ತೆಗೆದು, ಬೂದಿಯ ನಡುವೆ ನೆಟ್ಟಗೆ ನಿಲ್ಲಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಬಲಕ್ಕೆ ತಿರುಗಿಸಿದಳು. ಒಂದು ಸುತ್ತು. ಎರಡು. ಮೂರು.