ಕರುವಿಗೆ ಸಿಕ್ಕ ನ್ಯಾಯ

ಆವತ್ತು ಹೊತ್ತು ಮೂಡಿದಾಗಿನಿಂದ ಕೂಸಿಗೆ ಭೇದಿ. ಅಜ್ಜಿ ಅಂಕಮ್ಮ ಒಮ್ಮೆ ಬಗ್ಗಿ ನೋಡಿ, ಹಲ್ಲು ಬರುವ ಕಾಲದಲ್ಲಿ ಇದೆಲ್ಲ ಇದ್ದದ್ದೇ ಎಂದಳು. ಅಷ್ಟಕ್ಕೇ ಸುಮ್ಮನಾಗಿದ್ದರೆ ಸರಿಹೋಗುತ್ತಿತ್ತು. ನೀರು ಮುಟ್ಟಿಸಬೇಡ, ಎದೆಹಾಲೂ ಬೇಡ ಎಂದು ಸೊಸೆಗೆ ಕಟ್ಟಪ್ಪಣೆ ಮಾಡಿದಳು.

“ಒಳಕ್ಕೆ ಹಾಕಿದ್ರೆ ತಾನೇ ಕಣೇ ಹೊರಕ್ಕೆ ಬರೋದು? ಹೊಟ್ಟೆ ಒಣಗ್ಲಿ, ತಾನಾಗೇ ಕಟ್ಕತದೆ.”

ಸೊಸೆ ಪುಟ್ಟಗಂಗಮ್ಮನಿಗೆ ಇದು ಚೊಚ್ಚಲು. ಅತ್ತೆ ಐದು ಹೆತ್ತವಳು. ಐದು ಹೆತ್ತವಳ ಮುಂದೆ ಒಂದು ಹೆತ್ತವಳು ಬಾಯಿ ಬಿಡುವುದಾದರೂ ಹೇಗೆ? ಗಂಡ ಬಸವರಾಜು ಗಾಡಿಗೆ ಕೊಬ್ಬರಿ ಹೇರಿಕೊಂಡು ತಿಪಟೂರಿಗೆ ಹೋಗಿದ್ದ. ಅವನು ಮನೆಯಲ್ಲಿ ಇದ್ದಿದ್ದರೂ ತಾಯಿಯ ಮುಖವನ್ನೇ ನೋಡುತ್ತಿದ್ದ ಅನ್ನಿ. ಗಂಗಮ್ಮ ಒಂದು ದಿನವೆಲ್ಲ ಮಾತು ಕೇಳಿದಳು. ಎದೆ ಬಿಗಿದು ರವಿಕೆ ನೆನೆದರೂ ಹಲ್ಲು ಕಚ್ಚಿಕೊಂಡು ಕೂತಳು.

ಕೂಸಿನ ಹೆಸರು ಗಿರಿಜಾಂಬಿಕಾ. ಅಷ್ಟುದ್ದದ ಹೆಸರು ಇಟ್ಟವನು ತಾತ ತಿಪ್ಪಯ್ಯ. ಕೂಗುವುದು ಮಾತ್ರ ಎಲ್ಲರೂ ಗಿರ್ಜಿ ಎಂದೇ. ಮೊನ್ನೆಯವರೆಗೂ ಅಂಬೆಗಾಲಿಕ್ಕಿ ಹೊಸ್ತಿಲು ದಾಟಿ, ಅಂಗಳದ ಕೋಳಿಗಳನ್ನು ಹೆದರಿಸುತ್ತಿದ್ದ ಹುಡುಗಿ.

ಮರುದಿನ ಬೆಳಗ್ಗೆ ಗಿರ್ಜಿ ಅತ್ತಳು. ಬಾಯಿ ಅಗಲವಾಯಿತು, ಮುಖ ಕಿವುಚಿಕೊಂಡಿತು, ಸದ್ದೂ ಸಣ್ಣಗೆ ಬಂತು. ಕಣ್ಣೀರು ಮಾತ್ರ ಬರಲಿಲ್ಲ. ಗಂಗಮ್ಮ ಕೆನ್ನೆಯ ಮೇಲೆ ಬೆರಳಾಡಿಸಿ ನೋಡಿದಳು. ಒಣಗಿತ್ತು. ಕಣ್ಣು ಗುಳಿ ಬಿದ್ದಿತ್ತು, ನೆತ್ತಿಯಲ್ಲೂ ಕುಳಿ. ನಿನ್ನೆ ಸಂಜೆಯಿಂದ ಕೂಸು ಉಚ್ಚೆಯನ್ನೇ ಹೊಯ್ದಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

ಅಷ್ಟರಲ್ಲಿ ಹಿಂದಿನ ಮನೆಯ ಕೆಂಪಕ್ಕ ಕೆಂಡದ ಮಡಕೆಯಲ್ಲಿ ಬಳೆಚೂರು ಕಾಯಲಿಟ್ಟು ಹಿಡಿದು ಬಂದಳು. ಕೂಸುಗಳ ಹೊಟ್ಟೆಗೆ ಬರೆ ಹಾಕುವುದರಲ್ಲಿ ಆ ಬೀದಿಗೆಲ್ಲ ಅವಳದೇ ಕೈ. ಅಂಕಮ್ಮನೇ ಹೇಳಿಕಳಿಸಿದ್ದಳು.

“ಹಿಡ್ಕಳೇ ಗಂಗಿ, ಕೈಕಾಲು ಗಟ್ಟಿಯಾಗಿ ಹಿಡ್ಕ. ಹೊಕ್ಕುಳ ಸುತ್ತ ಸಣ್ಣಗೆ ಎಳೆದುಬುಡ್ತೀನಿ.”

ಗಂಗಮ್ಮ ಕೂಸನ್ನು ಎತ್ತಿ ಎದೆಗವಚಿಕೊಂಡಳು. “ಕೆಂಪಕ್ಕ, ಆ ಬಳೆಚೂರು ನನ್ನ ಮಗೀನ ಹತ್ರ ಬಂತೋ, ನಿನ್ನ ಅಂಗೈಗೇ ಇಡ್ತೀನಿ.”

“ಅಯ್ಯೋ! ನೋಡಿದ್ಯಾ ಅಂಕಮ್ಮ, ನಿನ್ನ ಸೊಸೆ ನಾಲಿಗೇನ?”

“ಗಂಗೀ! ದೊಡ್ಡೋರು ಚಿಕ್ಕೋರು ಅನ್ನೋದಿಲ್ವೇನೇ?”

“ಐತೆ ಅತ್ತೆ. ಇವ್ಳು ಎಲ್ಲರ್ಗಿಂತ ಚಿಕ್ಕೋಳು. ಇವತ್ತು ಇವ್ಳ ಮಾತೇ ನಡೀಬೇಕು.”

ಅಲ್ಲೇ ಗೋಡೆಗೊರಗಿ ಕೂತು, ಇಬ್ಬರ ಕಣ್ಣೆದುರಿಗೇ ಕೂಸಿಗೆ ಮೊಲೆ ಕೊಟ್ಟಳು. ಗಿರ್ಜಿ ತುಟಿ ಇಟ್ಟಳು, ಎರಡು ಗುಟುಕು ಎಳೆದು ಕಕ್ಕಿದಳು. ಮತ್ತೆ ಇಟ್ಟರೆ ಬಾಯಿ ತೆರೆದೇ ಇತ್ತು, ಎಳೆಯುವ ತ್ರಾಣವಿಲ್ಲ. ಕಣ್ಣು ಮೇಲಕ್ಕೆ ಹೋಗುತ್ತಿತ್ತು. ಕುಡಿಯುವ ಕೂಸಾದರೆ ಮನೆಯಲ್ಲೇ ಕುಡಿಸಿ ಉಳಿಸಿಕೊಳ್ಳಬಹುದು, ಕುಡಿಯಲಾರದ ಕೂಸನ್ನು ಮನೆಯಲ್ಲಿ ಇಟ್ಟುಕೊಂಡು ಕೂರುವುದು ತಪ್ಪು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಡಿಲಲ್ಲಿದ್ದ ಭಾರವೇ ಹೇಳಿತು.

ತುರುವೇಕೆರೆ ಆಸ್ಪತ್ರೆಗೆ ಹೋಗಬೇಕು. ದಬ್ಬೇಘಟ್ಟದ ಕಡೆಯಿಂದ ಬರುವ ಬಸ್ಸು ಆಗಲೇ ಹೋಗಿಯಾಗಿತ್ತು, ಇನ್ನೊಂದು ಬರುವುದು ಹೊತ್ತಿಳಿದ ಮೇಲೆ. ಕೊಬ್ಬರಿ ಗಾಡಿ ಹೋಗಿದ್ದರೂ ಮನೆಯಲ್ಲಿ ಸವಾರಿ ಗಾಡಿಯಿತ್ತು. ಕೊಟ್ಟಿಗೆಯಲ್ಲಿ ಎತ್ತುಗಳೂ ಇದ್ದವು. ಆದರೆ ಅದು ಮಾರುವುದಕ್ಕೆಂದು ತಿಪ್ಪಯ್ಯ ಹುರುಳಿ ತಿನ್ನಿಸಿ ಮೈ ತಿಕ್ಕಿ ಸಾಕುತ್ತಿದ್ದ ಜೋಡಿ. ಅದರ ಹೆಗಲ ಮೇಲೆ ನೊಗ ಇಡುವ ಮಾತನ್ನು ಮಗನೂ ಆಡುತ್ತಿರಲಿಲ್ಲ.

ತಿಪ್ಪಯ್ಯ ಜಗಲಿಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದ. ದನ ನೋಡುವುದರಲ್ಲಿ ಅವನ ಮಾತೆಂದರೆ ಮಾತು. ಹಂದನಕೆರೆ, ಮಾಯಸಂದ್ರದವರೂ ರಾಸು ಕೊಳ್ಳುವ ಮುಂಚೆ ಅವನನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಗಂಗಮ್ಮ ಇದುವರೆಗೆ ಮಾವನ ಜೊತೆ ಆಡಿದ ಮಾತೆಲ್ಲ ಬಾಗಿಲ ಮರೆಯಿಂದಲೇ. ಈಗ ಹೊಸ್ತಿಲು ದಾಟಿ, ನೇರ ಅವನೆದುರು ಬಂದು ನಿಂತಳು.

“ಮಾವ, ಗಾಡಿ ಹೂಡಿ. ಆಸ್ಪತ್ರೆಗೆ ಹೋಗ್ಬೇಕು.”

ತಿಪ್ಪಯ್ಯ ತಲೆ ಎತ್ತಲಿಲ್ಲ. “ಬಸವರಾಜು ಬರ್ಲಿ. ಸಂಜೆಗೆ ಬತ್ತಾನೆ.”

“ಸಂಜೆಗಂಟ ಇದು ಇರಲ್ಲ.”

“ಥೂ, ಬುಡ್ತು ಅನ್ನು! ಹೆಂಗಸ್ರ ಕೆಲಸ, ನಿಮ್ಮತ್ತೆ ನೋಡ್ಕತಾಳೆ.”

“ಹೋದ ವರ್ಷ ಕಂದು ಹಸೀನ ಕರ ಭೇದಿ ಆಗಿ ಉಚ್ಕೊತಿತ್ತಲ್ಲ, ಅದನ್ನ ಯಾರು ಮಾವ ನೋಡಿದ್ದು? ಅತ್ತೇನಾ?”

ಹಗ್ಗ ಹೊಸೆಯುವ ಕೈ ನಿಂತಿತು.

“ಅದ್ರ ಕತ್ತಿನ ಚರ್ಮ ಚಿವುಟಿ ಬುಟ್ರಿ. ಮಡಿಕೆ ಹಂಗೇ ನಿಂತ್ಕಂತು. ಮೈಯಲ್ಲಿ ನೀರು ಬತ್ತೋಗೈತೆ, ಇವತ್ತು ಕುಡೀದಿದ್ರೆ ಸತ್ತೋಗ್ತದೆ ಅಂದ್ರಿ. ಉಪ್ಪು ಹಾಕಿ ಗಂಜಿ ತೆಳ್ಳಗೆ ಮಾಡ್ಸಿ ಬಿದಿರು ಗೊಟ್ಟದಲ್ಲಿ ಬಾಯಿಗೆ ಹುಯ್ದ್ರಿ. ಕಾಯಿಸಿದ್ದು ನಾನೇ. ಕರಕ್ಕೆ ನೀರು, ಮಗೀಗೆ ಉಪವಾಸ. ಇದ್ಯಾವ ನ್ಯಾಯ ಮಾವ?”

“ಕರುವೇ ಬೇರೆ, ಮನುಷ್ರೇ ಬೇರೆ ಕಣಮ್ಮಿ.”

“ಬೇರೇನೇ ಇರ್ಲಿ. ಒಂದು ಸಾರಿ ಕರ ಅಂದ್ಕೊಂಡು ನೋಡಿ.”

ಸುತ್ತಿದ್ದ ಬಟ್ಟೆ ಸರಿಸಿ ಕೂಸನ್ನು ಅವನ ತೊಡೆಯ ಮೇಲೆ ಇಟ್ಟೇಬಿಟ್ಟಳು. ಒಳಗಿನಿಂದ ಅಂಕಮ್ಮ, “ಮಾವನ ಮುಂದೆ ಹಿಂಗಾಡ್ತಾಳಲ್ಲ, ಕಾಲ ಕೆಟ್ಟೋಯ್ತು” ಎಂದು ಕೂಗುತ್ತಲೇ ಇದ್ದಳು.

ತಿಪ್ಪಯ್ಯ ಹಗ್ಗ ಪಕ್ಕಕ್ಕಿಟ್ಟ. ಆಮೇಲೆ ಹಗ್ಗದ ನಾರು ಮೆತ್ತಿದ್ದ ಎರಡು ಬೆರಳಲ್ಲಿ, ಎಷ್ಟೋ ರಾಸುಗಳನ್ನು ಚಿವುಟಿದ ಅದೇ ಬೆರಳಲ್ಲಿ, ಮೊಮ್ಮಗಳ ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಹಿಡಿದು ಬಿಟ್ಟ. ಮಡಿಕೆ ನಿಂತಿತು. ನೆನೆದ ಬಟ್ಟೆಯ ಸುಕ್ಕಿನ ಹಾಗೆ ನಿಂತೇ ಇತ್ತು. ಆಮೇಲೆ ನಿಧಾನಕ್ಕೆ ಇಳಿಯಿತು.

ಮುದುಕ ಕೂಸಿಗೆ ಮತ್ತೆ ಬಟ್ಟೆ ಸುತ್ತಿದ. ಕೂಸನ್ನು ಸೊಸೆಯ ಕೈಗೆ ಕೊಟ್ಟು ಎದ್ದವನೇ, ಕೊಟ್ಟಿಗೆಗೆ ಹೋಗಿ ಎತ್ತು ಬಿಚ್ಚಿದ.

“ಆ ಎತ್ತಿಗೆ ನೊಗ ಇಡ್ತೀರಾ?” ಅಂಕಮ್ಮ ಓಡಿಬಂದಳು.

“ಇಟ್ಟೆ. ನೀನು ದಾರಿ ಬುಡು.”

ಗಂಗಮ್ಮ ಕಾಯಿಸಿ ಆರಿಸಿದ್ದ ನೀರಿಗೆ ಸಕ್ಕರೆಯನ್ನೂ ಚಿಟಿಕೆ ಉಪ್ಪನ್ನೂ ಹಾಕಿ ಚೊಂಬಿಗೆ ತುಂಬಿಕೊಂಡು ಗಾಡಿ ಹತ್ತಿದಳು. ದಾರಿಯುದ್ದಕ್ಕೂ ಬೆರಳದ್ದಿ ತುಟಿಗೆ ಒತ್ತುತ್ತಿದ್ದಳು. ಒಂದು ತೊಟ್ಟು ಇಳಿದರೆ ಇನ್ನೊಂದು. ಕಕ್ಕಿದರೆ ಸ್ವಲ್ಪ ತಾಳಿ, ಮತ್ತೊಂದು. ಮುಂದೆ ತಿಪ್ಪಯ್ಯ ಎತ್ತುಗಳಿಗೆ ಚಾಟಿ ಬೀಸುವ ಸದ್ದು ಕೇಳುತ್ತಿತ್ತು. ಆ ಜೋಡಿಗೆ ಅವನು ಬೆತ್ತ ತೋರಿಸಿದ್ದನ್ನೂ ಯಾರೂ ಕಂಡಿರಲಿಲ್ಲ.

ಆಸ್ಪತ್ರೆಯ ಡಾಕ್ಟರು ಕೂಸನ್ನು ನೋಡಿದವರೇ ಬಾಟ್ಲಿ ಕಟ್ಟಿಸಿದರು. ಸೂಜಿಗೆ ನರ ಸಿಗುವುದೇ ಕಷ್ಟವಾಯಿತು. ಗಿರ್ಜಿಯ ಕಣ್ಣು ನೆಟ್ಟಗಾಗಿ, ಬಟ್ಟೆ ಉಚ್ಚೆಯಲ್ಲಿ ನೆಂದಾಗ ಮಧ್ಯಾಹ್ನ ಕಳೆದಿತ್ತು.

“ಇನ್ನೂ ಸ್ವಲ್ಪ ತಡ ಆಗಿದ್ರೆ ನನ್ನ ಕೈಲೂ ಆಗ್ತಿರ್ಲಿಲ್ಲ” ಎಂದರು ಡಾಕ್ಟರು. “ಭೇದಿ ಇನ್ನೂ ಒಂದೆರಡು ದಿನ ಹೋಗುತ್ತೆ, ಹೆದರ್ಬೇಡಿ. ಹೋದಷ್ಟನ್ನ ಕುಡಿಸ್ತಾ ಇರಿ. ಒಂದು ಲೀಟರು ಕಾದಾರಿದ ನೀರಿಗೆ ಮಟ್ಟವಾಗಿ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ರುಚಿ ಕಣ್ಣೀರಿಗಿಂತ ಉಪ್ಪಾಗಬಾರದು. ಎದೆಹಾಲು ಮಾತ್ರ ನಿಲ್ಲಿಸಲೇಬೇಡಿ. ರಕ್ತ ಬಿದ್ರೆ, ಜ್ವರ ಸುಟ್ರೆ, ಕುಡಿದದ್ದೆಲ್ಲ ಕಕ್ಕಿದ್ರೆ, ಉಚ್ಚೆ ನಿಂತ್ರೆ, ಕೂಸು ಮಂಕಾದ್ರೆ ಯಾರನ್ನೂ ಕೇಳ್ಬೇಡಿ, ಎತ್ಕೊಂಡು ಬನ್ನಿ.”

‘ಯಾರನ್ನೂ ಕೇಳ್ಬೇಡಿ’ ಎನ್ನುವುದು ಗಂಗಮ್ಮನ ಕಿವಿಗೆ ಎಲ್ಲಕ್ಕಿಂತ ಗಟ್ಟಿಯಾಗಿ ಬಿತ್ತು.

ಊರಿಗೆ ವಾಪಸು ಬಂದ ದಿನ ಮನೆಮುಂದೆ ಹೆಂಗಸರ ಗುಂಪು. ಬಸವರಾಜು ಕಂಬಕ್ಕೊರಗಿ ಬೆಪ್ಪಾಗಿ ನಿಂತಿದ್ದ. ಗಾಡಿ ಇಳಿಯುತ್ತಿದ್ದ ಹಾಗೇ ಗಿರ್ಜಿ ಮತ್ತೊಮ್ಮೆ ಭೇದಿ ಮಾಡಿಕೊಂಡಳು. ಸೊಸೆಯ ಸೀರೆಯೆಲ್ಲ ಹಳದಿ.

“ನೋಡ್ರಪ್ಪ!” ಅಂಕಮ್ಮನ ದನಿ ಬೀದಿಯ ತುದಿ ಮುಟ್ಟಿತು. “ಆಸ್ಪತ್ರೆ, ಡಾಕ್ಟ್ರು, ಗಾಡಿ! ನಿಂತದಾ? ನೀರು ಹುಯ್ದೂ ಹುಯ್ದೂ ಹಿಂಗಾಗೈತೆ.”

ಗಂಗಮ್ಮ ಬಚ್ಚಲಿಗೆ ನಡೆದಳು. ಕೂಸನ್ನು ತೊಳೆದಳು, ಸೋಪು ಹಚ್ಚಿ ಎರಡೂ ಕೈ ತಿಕ್ಕಿ ತೊಳೆದಳು. ಒಳಗೆ ಹೋಗಿ ಬೆರೆಸಿದ ನೀರು ಲೋಟಕ್ಕೆ ತುಂಬಿಕೊಂಡು ಬಂದು, ಮರೆಗೆ ಹೋಗದೆ, ಜಗಲಿಯ ಅಂಚಿನಲ್ಲಿ ಬೀದಿಗೆ ಕಾಲು ಇಳಿಬಿಟ್ಟು ಕೂತಳು.

“ಹೋಯ್ತು ಅತ್ತೆ, ಸುಳ್ಳೇಳಲ್ಲ. ಇನ್ನೂ ಹೋಗ್ತದೆ. ಹೋದಷ್ಟೂ ತುಂಬ್ತೀನಿ. ನಿಲ್ಲೋವರ್ಗೂ ತುಂಬ್ತೀನಿ.”

“ನನ್ನ ಮನೇಲಿ ಈ ಆಟ ನಡೆಯಾಕಿಲ್ಲ.”

“ಬೀದೀಲಿ ಕೂತಿದ್ದೀನಲ್ಲ” ಎಂದಳು ಗಂಗಮ್ಮ. ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

“ದೊಡ್ಡೋರ ಮಾತಿಗೆ ಬೆಲೆ ಇಲ್ವಾ?”

“ಬೇರೆ ಎಲ್ಲಾದಕ್ಕೂ ಐತೆ. ಇದಕ್ಕಿಲ್ಲ.”

ಅಂಕಮ್ಮ ಗಂಡನ ಕಡೆ ತಿರುಗಿದಳು. ತಿಪ್ಪಯ್ಯ ನೊಗ ಇಳಿಸಿ ಎತ್ತಿನ ಹೆಗಲು ಸವರುತ್ತಿದ್ದ. ತಲೆ ತಿರುಗಿಸದೆಯೇ, “ಬಸವರಾಜು, ಹೆಂಡ್ತಿಗೆ ಇನ್ನೊಂದು ಹಂಡೆ ನೀರು ಕಾಯ್ಸೋಕೆ ಸೌದೆ ತಂದಾಕ್ಲಾ” ಎಂದ.

ಗಂಗಮ್ಮ ಚಮಚ ಎತ್ತಿದಳು. ಗಿರ್ಜಿ ಕುಡಿದಳು. ಇನ್ನೊಂದು ಚಮಚಕ್ಕೆ ತಾಯಿ ಕೈ ಎತ್ತುವಷ್ಟರಲ್ಲಿ, ಕೂಸು ಎರಡೂ ಕೈಯಲ್ಲಿ ಲೋಟವನ್ನೇ ಹಿಡಿದು ತನ್ನ ಕಡೆಗೆ ಜಗ್ಗಿತು. ಅರ್ಧ ನೀರು ಮೈಮೇಲೆ ಚೆಲ್ಲಿತು. ಲೋಟ ಬಿಡೆಂದರೆ ಬಿಡಲಿಲ್ಲ.